ಡೇರಿ ಮುಳುಗಿದರೆ ಹಾಲು ಎಲ್ಲಿಗೆ ಹಾಕುವುದು?



ಮೃಗಶಿರಾ ಮಳೆ ಕಾಲಿಟ್ಟಿದೆ. ಗಂಟಲು ಬೇನೆ ಮತ್ತು ಚಪ್ಪೆ ಬೇನೆಯ ಲಸಿಕೆ ಹಾಕಿಸಿ, ಕೊಟ್ಟಿಗೆಯ ಸೋರುವ ತಗಡು ಸರಿ ಮಾಡಿಸಿ, ಕಣಿಕೆ ಬಣವೆಯನ್ನು ಎತ್ತರದಲ್ಲಿ ಒಟ್ಟಿ ಎಂದು ಪ್ರತಿ ವರ್ಷ ಈ ಹೊತ್ತಿಗೆ ಬರೆಯುತ್ತೇವೆ. ಆ ಮಾತು ಈ ವರ್ಷವೂ ಬದಲಾಗಿಲ್ಲ. ಆದರೆ ಈ ಸಲ ನಾನು ಬರೆಯಹೊರಟಿರುವುದು ನೀವು ಮಾಡಬೇಕಾದ ಕೆಲಸದ ಬಗ್ಗೆ ಅಲ್ಲ, ನಮ್ಮ ಒಕ್ಕೂಟ ಮಾಡಬೇಕಾದ ಒಂದು ಕೆಲಸದ ಬಗ್ಗೆ. ಇದು ನನ್ನ ಅಭಿಪ್ರಾಯ, ಒಕ್ಕೂಟದ ತೀರ್ಮಾನವಲ್ಲ. ತೀರ್ಮಾನ ಆಗಬೇಕಾದರೆ ಮೊದಲು ನಿಮ್ಮ ಸಂಘಗಳಲ್ಲಿ ಮಾತು ಏಳಬೇಕು.

ಹೆದ್ದಾರಿಯಲ್ಲಿ ಉದ್ದನೆಯ ಲಾರಿಗಳ ಮೇಲೆ ಕಬ್ಬಿಣದ ದೊಡ್ಡ ಪೆಟ್ಟಿಗೆಗಳು ಹೋಗುವುದನ್ನು ನೋಡಿದ್ದೀರಿ. ಹಡಗಿನಲ್ಲಿ ಸರಕು ಸಾಗಿಸುವ ಕಂಟೈನರ್‌ಗಳು ಅವು. (ನಮ್ಮ ಕೃತಕ ಗರ್ಭಧಾರಣೆ ಕಾರ್ಯಕರ್ತರ ಬಾಯಲ್ಲಿ ‘ಕಂಟೈನರ್’ ಎಂದರೆ ವೀರ್ಯನಳಿಕೆ ಇಡುವ ದ್ರವ ಸಾರಜನಕದ ಜಾಡಿ. ನಾನು ಹೇಳುತ್ತಿರುವುದು ಅದಲ್ಲ. ಇದರೊಳಗೆ ಆ ಜಾಡಿಗಳನ್ನು ನೂರಾರು ಇಡಬಹುದು.) ಅಂಥ ಎರಡು ಹಳೆಯ ಕಂಟೈನರ್‌ಗಳನ್ನು ಒಕ್ಕೂಟ ಕೊಳ್ಳಬೇಕು. ಒಂದನ್ನು ಹಾಲು ತೆಗೆದುಕೊಂಡು ತಣ್ಣಗಾಗಿಸುವ ಡೇರಿಯಾಗಿಯೂ ಇನ್ನೊಂದನ್ನು ಪಶು ಚಿಕಿತ್ಸಾಲಯವಾಗಿಯೂ ಮಾರ್ಪಡಿಸಿ, ಹೊಳೆ ಏರುವ ಮೊದಲೇ ಎತ್ತರದ ಜಾಗದಲ್ಲಿ ತಂದು ನಿಲ್ಲಿಸಬೇಕು. ನನ್ನ ಬೇಡಿಕೆ ಇಷ್ಟೇ.

ಯಾಕೆ ಎನ್ನುವುದಕ್ಕೆ 2019ರ ಆಗಸ್ಟ್ ನೆನಪಿಸಿಕೊಳ್ಳಿ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಏರಿದ ಆಶ್ಲೇಷಾ ಮಳೆ ಅದು. ರಾಜ್ಯದಲ್ಲಿ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತ ಎಂದು ಸರ್ಕಾರ ಘೋಷಿಸಿತು. ನಾನು ಆಗ ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಹೊಳೆದಂಡೆಯ ಊರೊಂದರಲ್ಲಿ ದೋಣಿ ಬಂದು ನಿಂತರೂ ಹತ್ತದೆ, ಎರಡು ಎಮ್ಮೆಗಳ ಹಗ್ಗ ಹಿಡಿದು ದಿಬ್ಬದ ಮೇಲೆ ನಿಂತಿದ್ದ ತಾಯಿಯೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಬ್ಯಾಡ್ರಿ ಡಾಕ್ಟರ್ರ, ನಾ ದೋಣ್ಯಾಗ ಕುಂತ ಹೋದ್ರ ಇವನ್ನ ಯಾರ ಹಿಂಡ್ತಾರ? ಎಮ್ಮಿ ಬ್ಯಾರೇದವ್ರ ಕೈಗೆ ಹಾಲ ಇಳಸಂಗಿಲ್ರಿ.”

ರಕ್ಷಣೆಗೆ ಬಂದ ಹುಡುಗರಿಗೆ ಅದು ಹಟದಂತೆ ಕಂಡಿತು. ಪಶುವೈದ್ಯರಿಗೆ ಗೊತ್ತು, ಆಕೆ ಹೇಳಿದ್ದು ಅಕ್ಷರಶಃ ನಿಜ. ಎಮ್ಮೆ ಗುರುತಿನ ಕೈಗೆ, ಗುರುತಿನ ಸದ್ದಿಗೆ ಮಾತ್ರ ಸೊರ ಬಿಡುತ್ತದೆ. ಹೆದರಿದ ಎಮ್ಮೆಯಂತೂ ಹಾಲನ್ನು ಮೇಲಕ್ಕೇ ಕಟ್ಟಿಕೊಳ್ಳುತ್ತದೆ. ಊರು ಮುಳುಗಿದೆ ಎಂದು ಕೆಚ್ಚಲಿಗೆ ತಿಳಿಯುವುದಿಲ್ಲ, ಬೆಳಿಗ್ಗೆ ಸಂಜೆ ಅದು ತುಂಬಿಕೊಳ್ಳುತ್ತಲೇ ಇರುತ್ತದೆ. ಎರಡು ಮೂರು ದಿನ ಸರಿಯಾಗಿ ಹಿಂಡದೆ ಬಿಟ್ಟು, ಮೇಲೆ ರಾಡಿಯಲ್ಲಿ ನಿಲ್ಲಿಸಿದರೆ ಕೆಚ್ಚಲು ಬಾವು ಬರುವುದು ಹೆಚ್ಚು ಕಡಿಮೆ ಖಚಿತ. ಬಾವು ಬರದಿದ್ದರೂ ಆ ಸೂಲಿನಲ್ಲಿ ಇಳಿದ ಹಾಲು ಪೂರ್ತಿ ಮರಳಿ ಏರುವುದಿಲ್ಲ.

ಹಿಂಡಿದರು ಎಂದೇ ಇಟ್ಟುಕೊಳ್ಳೋಣ. ಆ ಹಾಲು ಎಲ್ಲಿಗೆ ಹೋಗಬೇಕು? ಊರಿನ ಡೇರಿಯಲ್ಲಿ ಎದೆಮಟ್ಟ ನೀರು, ಹಾಲಿನ ಗಾಡಿ ಬರುವ ಸೇತುವೆ ಮುಳುಗಡೆ, ಕರೆಂಟು ಇಲ್ಲ. ಕೆಚ್ಚಲಿನಿಂದ ಹೊರಬರುವಾಗ ಹಾಲು ನಮ್ಮ ಮೈಯಷ್ಟೇ ಬೆಚ್ಚಗಿರುತ್ತದೆ. ತಣ್ಣಗಾಗಿಸದಿದ್ದರೆ ನಾಲ್ಕೈದು ತಾಸಿನಲ್ಲಿ ಹುಳಿಗೆ ತಿರುಗುತ್ತದೆ. ಕಾಳಜಿ ಕೇಂದ್ರದ ಮಕ್ಕಳಿಗೆ ಎಷ್ಟು ಕೊಟ್ಟೀರಿ, ಮೊಸರು ಎಷ್ಟು ಮಾಡೀರಿ? ಉಳಿದದ್ದು ಚೆಲ್ಲಬೇಕು. ದಿನಕ್ಕೆ ಎಂಟು ಲೀಟರ್ ಹಾಕುವ ಮನೆಯಲ್ಲಿ ಡೇರಿ ಹದಿನೈದು ದಿನ ಮುಚ್ಚಿದರೆ 120 ಲೀಟರ್ ಹೋಯಿತು. ಮನೆಯ ಗಂಡಸರ ಬೆಳೆ ಹೋದದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ, ತಲಾಟಿ ಬರೆದುಕೊಂಡು ಹೋಗುತ್ತಾರೆ. ನಿಮ್ಮ ಹೆಸರಿನ ಖಾತೆಗೆ ಬರಬೇಕಿದ್ದ ಬಟವಾಡೆ ಹೋದದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. ವಿಪತ್ತು ಪರಿಹಾರ ನಿಧಿಯ 2022ರ ಮಾನದಂಡದಲ್ಲಿ ಸತ್ತ ಹಸು ಅಥವಾ ಎಮ್ಮೆಗೆ 37,500 ರೂಪಾಯಿ ಇದೆ, ಅದೂ ಒಂದು ಕುಟುಂಬಕ್ಕೆ ಮೂರು ದೊಡ್ಡ ಹಾಲಿನ ರಾಸುಗಳವರೆಗೆ. ಚೆಲ್ಲಿದ ಹಾಲಿಗೆ ಆ ಪಟ್ಟಿಯಲ್ಲಿ ಸಾಲು ಇಲ್ಲ.

ಆದರೆ ನನಗೆ ಹಾಲಿನ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ನೀರು ಬಂದ ಮೇಲೆ ಅದೇ ಕಡೆಯ ಮಹಿಳಾ ಸಂಘದ ಕಾರ್ಯದರ್ಶಿ ಹೇಳಿದರು: “ಎತ್ತರದಾಗ ಹಾಲ ತಗೊಳ್ಳೋರು, ಔಷಧ ಕೊಡೋರು ಅದಾರಂತ ಗೊತ್ತಿದ್ರ ನಾವು ಹಿಂದಿನ ದಿನಾನ ಎಮ್ಮಿ ಹೊಡಕೊಂಡು ಹೋಗತಿದ್ವಿ.” ಯಾರೂ ಸಾಯಲೆಂದು ಮನೆಯಲ್ಲಿ ಕೂರುವುದಿಲ್ಲ. ಎಮ್ಮೆ ಕಟ್ಟಲು ಜಾಗ, ಹಾಲು ಹಾಕಲು ಡೇರಿ ಇಲ್ಲದ ಕಡೆಗೆ ಹೋಗಿ ಏನು ಮಾಡುವುದು ಎಂದು ಕೂರುತ್ತಾರೆ. 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳನ್ನು ಬಿಟ್ಟು ಹಳೆಯ ಊರಿಗೇ ಮರಳಿದವರಲ್ಲಿ ಕೆಲವರು ನನಗೆ ಕೊಟ್ಟ ಕಾರಣವೂ ಅದೇ: ದನ ಕಟ್ಟಲು ಜಾಗವಿಲ್ಲ. ಡೇರಿ ಮುಂಚೆಯೇ ಎತ್ತರಕ್ಕೆ ಹೋಗಿ ನಿಂತರೆ ದನಗಳು ಅದರ ಹಿಂದೆ ಹೋಗುತ್ತವೆ, ದನಗಳ ಹಿಂದೆ ನೀವು ಹೋಗುತ್ತೀರಿ. ಈ ಕಂಟೈನರ್ ಮಾತನ್ನು ನಾನು ಎತ್ತಿದ್ದು ಮುಖ್ಯವಾಗಿ ಇದಕ್ಕೆ.

ವಿಪತ್ತಿನ ನಂತರ ಕಂಟೈನರ್‌ಗಳಲ್ಲಿ ಸೇವೆ ನಡೆಸಿದ ಊರುಗಳು ಜಗತ್ತಿನಲ್ಲಿ ಇವೆ. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ನಗರದಲ್ಲಿ 2011ರ ಫೆಬ್ರುವರಿ 22ರಂದು ಭೂಕಂಪವಾಗಿ 185 ಜನ ಸತ್ತರು. ಊರ ನಡುವಿನ ಪೇಟೆಗೆ ಯಾರೂ ಕಾಲಿಡದಂತೆ ಬೇಲಿ ಹಾಕಿದರು. ಕಟ್ಟಡ ಕಟ್ಟುವವರೆಗೆ ಕಾದರೆ ಗಿರಾಕಿಗಳು ಪೇಟೆಯನ್ನೇ ಮರೆಯುತ್ತಾರೆಂದು, ಬಣ್ಣ ಬಳಿದ ಕಂಟೈನರ್‌ಗಳನ್ನು ಸಾಲಾಗಿಯೂ ಒಂದರ ಮೇಲೊಂದಾಗಿಯೂ ಇಟ್ಟು ಅದೇ ವರ್ಷದ ಅಕ್ಟೋಬರ್ 29ಕ್ಕೆ ಅಂಗಡಿಬೀದಿ ತೆರೆದರು. ‘ರೀಸ್ಟಾರ್ಟ್’ ಎಂದು ಅದಕ್ಕೆ ಹೆಸರು. ಅದೇ ಊರಿನ ಅಂಚಿನಲ್ಲಿ ಗುಡ್ಡದಿಂದ ಬಂಡೆ ಉರುಳಿ ರಸ್ತೆಗೆ ಬೀಳದಂತೆ ಕಂಟೈನರ್‌ಗಳನ್ನು ಗೋಡೆಯಾಗಿ ಪೇರಿಸಿದರು. ಹೈಟಿ ದೇಶದಲ್ಲಿ 2010ರ ಭೂಕಂಪದ ನಂತರ ಲಿಯೋಗಾನ್ ಎಂಬ ಪಟ್ಟಣದಲ್ಲಿ ಎಂಎಸ್‌ಎಫ್ ಎಂಬ ವೈದ್ಯರ ಸಂಸ್ಥೆ ಕಂಟೈನರ್‌ಗಳಲ್ಲೇ ಆಸ್ಪತ್ರೆ ನಡೆಸಿತು. ಹೆರಿಗೆಯೂ ಅಲ್ಲೇ, ಶಸ್ತ್ರಚಿಕಿತ್ಸೆಯೂ ಅಲ್ಲೇ.

ನ್ಯೂಜಿಲೆಂಡ್ ಹೈನುಗಾರಿಕೆಯ ನಾಡೂ ಹೌದು. 2016ರ ನವೆಂಬರ್ 14ರಂದು ಕೈಕೋರಾ ಎಂಬಲ್ಲಿ ಭೂಕಂಪವಾದಾಗ ಗುಡ್ಡ ಕುಸಿದು ರಸ್ತೆ ಮುಚ್ಚಿತು, ಟ್ಯಾಂಕರ್‌ಗಳು ತಲುಪದೆ ಅಲ್ಲಿನ ರೈತರು ಹಾಲು ಚೆಲ್ಲಿದರು. ಸುತ್ತಲಿನ ನೆಲ ಕುಸಿದು, ನಡುವೆ ಉಳಿದ ಒಂದು ತುಣುಕು ಹುಲ್ಲುನೆಲದ ಮೇಲೆ ಎರಡು ದನ, ಒಂದು ಕರು ನಿಂತ ಚಿತ್ರವನ್ನು ಆಗ ಜಗತ್ತೆಲ್ಲ ನೋಡಿತು (ದಾರಿ ಅಗೆದು ಅವನ್ನು ಇಳಿಸಿಕೊಂಡರು). ಅಷ್ಟು ಮುಂದುವರಿದ ದೇಶದಲ್ಲೂ ರಸ್ತೆ ಹೋದರೆ ಹಾಲು ಮಣ್ಣುಪಾಲು. ಟ್ಯಾಂಕರ್ ಬರುವವರೆಗೆ ಹಾಲನ್ನು ತಣ್ಣಗೆ ಹಿಡಿದಿಡುವ ಜಾಗ ದನಗಳ ಹತ್ತಿರವೇ ಎಷ್ಟು ದೊಡ್ಡದಾಗಿದೆ ಎನ್ನುವುದರ ಮೇಲೆ ನಷ್ಟ ನಿಂತಿದೆ.

ಇನ್ನು ಪೆಟ್ಟಿಗೆಯ ವಿಚಾರ. ಸಣ್ಣ ಕಂಟೈನರ್ 20 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ಖಾಲಿ ಇದ್ದಾಗ ತೂಕ ಎರಡೂಕಾಲು ಟನ್ ಆಸುಪಾಸು. ಹಳೆಯದು ಒಂದೆರಡು ಒಳ್ಳೆಯ ಎಚ್.ಎಫ್. ಹಸುಗಳ ಬೆಲೆಗೆ ಸಿಗುತ್ತದೆ, ನಿಜವಾದ ಖರ್ಚು ಒಳಗಿನ ಬಿಎಂಸಿ, ಜನರೇಟರ್, ವೈರಿಂಗ್‌ನದು. ಹಾಲಿನ ಡೇರಿಗೆ ಕೊಳ್ಳುವುದಾದರೆ ಸಾದಾ ಕಂಟೈನರ್ ಬೇಡ, ಹಣ್ಣು ಮಾಂಸ ಸಾಗಿಸುವ ತಂಪು ಕಂಟೈನರ್ ನೋಡಬೇಕು. ಅದರ ಯಂತ್ರ ಕೆಟ್ಟಿದ್ದರೂ ಚಿಂತೆಯಿಲ್ಲ. ಗೋಡೆಯೊಳಗೆ ಫೋಮ್ ತುಂಬಿರುತ್ತದೆ, ಒಳಮೈ ತುಕ್ಕು ಹಿಡಿಯದ ಉಕ್ಕು, ತೊಳೆಯಲು ಸುಲಭ. ಸಾದಾ ಕಂಟೈನರ್‌ನ ನೆಲ ಮರದ ಹಲಗೆಯದು, ಆ ಹಲಗೆಗೆ ಹುಳ ಹಿಡಿಯದಂತೆ ಕೀಟನಾಶಕ ಉಣಿಸಿರುತ್ತಾರೆ. ಅದರಲ್ಲಿ ಹಿಂದೆ ಏನು ಸಾಗಿಸಿದ್ದರೋ ಅದೂ ತಿಳಿಯದು. ಅಂಥ ನೆಲದ ಮೇಲೆ ಹಾಲಿನ ಕ್ಯಾನ್ ಇಡಲು ನಾನಂತೂ ಒಪ್ಪುವುದಿಲ್ಲ. ಚಿಕಿತ್ಸಾಲಯಕ್ಕೆ ಸಾದಾ ಪೆಟ್ಟಿಗೆ ನಡೆಯುತ್ತದೆ, ಹಲಗೆ ಕಿತ್ತು ಬೇರೆ ನೆಲ ಹಾಕಿಸಿದರೆ.

ಒಂದು ತಪ್ಪು ತಿಳಿವಳಿಕೆ ಈಗಲೇ ಹೋಗಲಿ. ತಂಪು ಪೆಟ್ಟಿಗೆಯಲ್ಲಿ 40 ಲೀಟರ್ ಕ್ಯಾನ್ ಇಟ್ಟರೆ ಹಾಲು ತಣ್ಣಗಾಗುತ್ತದೆ ಎಂದುಕೊಳ್ಳಬೇಡಿ. ತಂಪು ಗಾಳಿ ಕ್ಯಾನಿನ ನಡುವಿನ ಹಾಲಿಗೆ ಮುಟ್ಟುವ ಹೊತ್ತಿಗೆ ಹಾಲು ಕೆಟ್ಟಿರುತ್ತದೆ. ಒಳಗೆ ಬಿಎಂಸಿ ಇರಲೇಬೇಕು, ಕಲಕುತ್ತ 4 ಡಿಗ್ರಿಗೆ ಇಳಿಸಬೇಕು. 2,000 ಲೀಟರ್ ಬಿಎಂಸಿ ಇಟ್ಟ ಮೇಲೂ ತೂಕದ ಯಂತ್ರ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಪರೀಕ್ಷೆಯ ಮೇಜು, ಕಾರ್ಯದರ್ಶಿಗೆ ಒಂದು ಕುರ್ಚಿ ಹಿಡಿಸುತ್ತವೆ. ಪರೀಕ್ಷೆ ಅಲ್ಲೇ, ನಿಮ್ಮ ಕಣ್ಣೆದುರೇ ಆಗಬೇಕು. ನೆರೆಯಲ್ಲಿ ಹಸಿಮೇವು ಕೊಳೆತು, ದನ ಬೆದರಿ, ಫ್ಯಾಟ್ ಏರುಪೇರಾಗುತ್ತದೆ. ಆಗ ಚೀಟಿ ಕೈಗೆ ಸಿಗದಿದ್ದರೆ ಅನುಮಾನ ಶುರುವಾಗುತ್ತದೆ.

ಚಿಕಿತ್ಸೆಯ ಪೆಟ್ಟಿಗೆಯೊಳಗೆ ದನ ಹತ್ತಿಸುವುದಿಲ್ಲ. ಅದನ್ನು ಹೊರಗೆ ಟ್ರಾವಿಸ್‌ನಲ್ಲೇ ನಿಲ್ಲಿಸಬೇಕು, ಮೇಲೊಂದು ತಾಡಪಾಲು ಸಾಕು. ಒಳಗೆ ಲಸಿಕೆ ಇಡುವ ಫ್ರಿಜ್, ಕ್ಯಾಲ್ಸಿಯಂ ಬಾಟಲಿಗಳು, ಹೊಲಿಗೆಯ ಸಾಮಾನು, ಸೂಕ್ಷ್ಮದರ್ಶಕ, ಬಿಸಿನೀರು. ಕಾಲುಬಾಯಿ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಹೆಪ್ಪುಗಟ್ಟಿದರೂ ಕೆಟ್ಟಿತು, ಬಿಸಿಯಾದರೂ ಕೆಟ್ಟಿತು. ಕರೆಂಟಿಲ್ಲದ ಶಾಲೆಯ ಕೋಣೆಯಲ್ಲಿ ಥರ್ಮೋಕೋಲ್ ಡಬ್ಬಿ ಇಟ್ಟುಕೊಂಡು ಎಷ್ಟು ದಿನ ಕಾಯಬಹುದು?

1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನ ಇದೆಯಲ್ಲ, ಇದೇಕೆ ಎಂದು ಕೇಳಬಹುದು. ಆ ವಾಹನ ಬೇಕೇ ಬೇಕು. ಆದರೆ ಅದು ಒಂದು ಊರಿಗೆ ಬಂದು ಇನ್ನೊಂದು ಊರಿಗೆ ಹೋಗಬೇಕು, ರಾತ್ರಿ ನಿಲ್ಲುವುದಿಲ್ಲ, ಹಾಲು ತಣ್ಣಗಾಗಿಸುವುದಿಲ್ಲ. ಸಾವಿರ ದನ ಒಂದೇ ಮೈದಾನದಲ್ಲಿ ಸೇರಿದಾಗ ಬೇಕಾಗುವುದು ಹಗಲು ರಾತ್ರಿ ಅಲ್ಲೇ ನಿಂತಿರುವ ಜಾಗ. ಕರು ಅಡ್ಡ ಬಂದ ಆಕಳು, ಹಾಲುಜ್ವರದಿಂದ ಬಿದ್ದ ಎಮ್ಮೆ ಬೆಳಗಾಗಲೆಂದು ಕಾಯುವುದಿಲ್ಲ. ಇನ್ನೊಂದು ತೊಂದರೆ ಕಾಳಜಿ ಕೇಂದ್ರಗಳಲ್ಲೇ ಹುಟ್ಟುವುದು: ಉಳಿದ ಅನ್ನವನ್ನು ಹಸಿದ ದನಕ್ಕೆ ಪ್ರೀತಿಯಿಂದ ಬುಟ್ಟಿಗಟ್ಟಲೆ ಸುರಿಯುತ್ತಾರೆ. ಅನ್ನ ಹೊಟ್ಟೆಯಲ್ಲಿ ಹುಳಿಯೇರಿ ನೆರೆಯಿಂದ ಪಾರಾದ ದನ ಅನ್ನದಿಂದ ಸಾಯುತ್ತದೆ. ದಯವಿಟ್ಟು ಇದನ್ನು ಪಕ್ಕದ ಮನೆಯವರಿಗೂ ಹೇಳಿ. ಸೋಡಾಪುಡಿ ಕುಡಿಸಿ ಉಳಿಸಬಹುದಾದ ಹೊತ್ತು ಬಹಳ ಸಣ್ಣದು.

ಅಲ್ಲೇ ಒಂದು ಬರವಣಿಗೆಯ ಮೇಜೂ ಇರಲಿ. ಸತ್ತ ರಾಸಿಗೆ ಪರಿಹಾರ ಬರಬೇಕಾದರೆ ಪಶುವೈದ್ಯರ ದೃಢೀಕರಣ ಬೇಕು. ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಫೋಟೋ, ಕಾಗದ ಎಂದು ಮನೆಯ ಹೆಣ್ಣುಮಗಳು ಮೂರು ಕಚೇರಿ ಅಲೆಯುವ ಬದಲು ಒಂದೇ ಕಡೆ ಮುಗಿಯಲಿ.

ಈಗ ಅಡ್ಡಿಗಳು. ಮೊದಲನೆಯದು ಸೆಕೆ. ಬಿಸಿಲಿಗೆ ಕಬ್ಬಿಣದ ಪೆಟ್ಟಿಗೆ ಹಂಚಿನಂತೆ ಕಾಯುತ್ತದೆ, ಮಳೆಯ ರಾತ್ರಿಯಲ್ಲಿ ಒಳಮೈ ಬೆವರಿ ಹನಿ ಬೀಳುತ್ತದೆ. 2019ರ ನಂತರ ತಗಡಿನ ಶೆಡ್ಡುಗಳಲ್ಲಿ ಇದ್ದವರಿಗೆ ಇದನ್ನು ನಾನು ಹೇಳಬೇಕಿಲ್ಲ. ಅದಕ್ಕೇ ಇದನ್ನು ಮನೆಯಾಗಿ ಕೊಡುವ ಮಾತನ್ನು ನಾನು ಆಡುವುದೇ ಇಲ್ಲ. ದುಡಿಯುವ ಕೋಣೆಯಾಗಿ ಬಳಸುವಾಗಲೂ ಒಳಗೆ ಫೋಮ್ ಹಾಳೆ, ಮೇಲೆ ಒಂದಡಿ ಬಿಟ್ಟು ಇನ್ನೊಂದು ಮಾಡು ಬೇಕು. ಕಿಟಕಿ ಬಾಗಿಲಿಗೆ ಗೋಡೆ ಕೊಯ್ದರೆ ಆ ಜಾಗಕ್ಕೆ ಗಟ್ಟಿ ಉಕ್ಕಿನ ಚೌಕಟ್ಟು ಬೆಸೆಯಬೇಕು, ಪೆಟ್ಟಿಗೆಯ ಬಲ ಅದರ ಮೂಲೆಗಳಲ್ಲೂ ಏರಿಳಿತದ ಗೋಡೆಯಲ್ಲೂ ಇದೆ. ಊರ ಗ್ರಿಲ್ ಅಂಗಡಿಯವರು ಉತ್ಸಾಹದಲ್ಲಿ ಕೊಯ್ದುಬಿಟ್ಟರೆ ಎತ್ತುವಾಗ ಮಡಚಿಕೊಳ್ಳುತ್ತದೆ.

ಎರಡನೆಯದು, ಕಂಟೈನರ್ ತೇಲುತ್ತದೆ! ಬಾಗಿಲು ಭದ್ರವಾಗಿರುವ ಖಾಲಿ ಪೆಟ್ಟಿಗೆಯನ್ನು ಎತ್ತಲು ಅರ್ಧ ಅಡಿಗಿಂತ ಸ್ವಲ್ಪ ಹೆಚ್ಚು ನೀರು ಸಾಕು. ಸಾಮಾನು ತುಂಬಿ ಆರು ಟನ್ ಆದರೂ ಮೊಣಕಾಲು ಮಟ್ಟದ ನೀರಿನಲ್ಲಿ ಅದು ಹಗುರವಾಗುತ್ತದೆ. ಆದ್ದರಿಂದ ನಿಲ್ಲಿಸುವ ಜಾಗ 2019ರ ನೀರಿನ ಗುರುತಿಗಿಂತ ಮೇಲೆಯೇ ಇರಬೇಕು, ನೆಲಕ್ಕೆ ಬಿಗಿಯಬೇಕು. ಆ ಗುರುತು ಎಲ್ಲಿದೆ ಎನ್ನುವುದು ಕಚೇರಿಯ ನಕ್ಷೆಗಿಂತ ನಿಮಗೆ ಚೆನ್ನಾಗಿ ಗೊತ್ತು. ಗುಡಿಯ ಯಾವ ಮೆಟ್ಟಿಲಿಗೆ, ಶಾಲೆಯ ಯಾವ ಕಿಟಕಿಗೆ ನೀರು ಬಂದಿತ್ತು ಎಂದು ನೀವು ಕಣ್ಣು ಮುಚ್ಚಿ ಹೇಳುತ್ತೀರಿ.

ಮೂರನೆಯದು ದಾರಿ. ನಮ್ಮ ಊರುಗಳ ಒಳಗಿನ ಓಣಿಗೆ ಇದು ಬರುವುದಿಲ್ಲ. ಎತ್ತಿಳಿಸಲು ಹೈಡ್ರಾ ಕ್ರೇನ್ ಬೇಕು, ಸಕ್ಕರೆ ಕಾರ್ಖಾನೆಗಳ ಕಡೆ ಅದು ಸಿಗುತ್ತದಾದರೂ ನೆರೆಯ ದಿನ ಎಲ್ಲರೂ ಅದನ್ನೇ ಕೇಳುತ್ತಾರೆ. ಟ್ರೇಲರ್ ಮೇಲೇ ಬಿಟ್ಟು, ಮೆಟ್ಟಿಲು ಇಟ್ಟು ನಡೆಸುವುದು ನನಗೆ ಸರಿ ಕಾಣುತ್ತದೆ. ಡಾಂಬರು ರಸ್ತೆಯ ಪಕ್ಕದ ಎತ್ತರದ ಮೈದಾನ, ಎಪಿಎಂಸಿ ಪ್ರಾಂಗಣ, ಹತ್ತಿರ ಕೊಳವೆಬಾವಿ ಇದ್ದರೆ ಸಾಕು. ದಿನವೂ ಬಿಎಂಸಿ ತೊಳೆಯಲು ನೀರು ಬೇಕು. ಅದನ್ನು ಮರೆತವರ ಹಾಲು ಮರುದಿನ ಒಡೆಯುತ್ತದೆ.

ನನಗೆ ಹೆಚ್ಚು ಭಯ ಇರುವುದು ಮಳೆ ನಿಂತ ಮೇಲಿನದು. ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿ, ಗೋದಾಮಿನ ಹಿಂದೆ ನಿಲ್ಲಿಸಿಬಿಟ್ಟರೆ ಎರಡು ವರ್ಷದಲ್ಲಿ ಇಲಿ ವೈರು ಕಡಿದು, ಜನರೇಟರ್ ಬ್ಯಾಟರಿ ಸತ್ತು, ಬೇಕಾದ ದಿನ ಚಾಲೂ ಆಗುವುದಿಲ್ಲ. ಆದ್ದರಿಂದ ವರ್ಷವಿಡೀ ಅದಕ್ಕೆ ದುಡಿಮೆ ಬೇಕು. ಬರಡು ರಾಸುಗಳ ತಪಾಸಣಾ ಶಿಬಿರಕ್ಕೆ, ಬನಶಂಕರಿ ಜಾತ್ರೆಯಂಥ ದನದ ಜಾತ್ರೆಗಳಿಗೆ, ಒಂದು ಊರಿನ ಬಿಎಂಸಿ ಕೆಟ್ಟಾಗ ಬದಲಿಯಾಗಿ ಅದು ಓಡಾಡುತ್ತಿರಲಿ. ಹಾಗೆಯೇ, ಹೊಸ ಡೇರಿ ಕಟ್ಟಡ ಕಟ್ಟದಿರಲು ಇದು ನೆಪವಾಗಬಾರದು. ಕ್ರೈಸ್ಟ್‌ಚರ್ಚ್‌ನ ಆ ತಾತ್ಕಾಲಿಕ ಅಂಗಡಿಬೀದಿ ಮುಚ್ಚಿದ್ದು 2018ರ ಜನವರಿಯಲ್ಲಿ, ಅಂದರೆ ಆರು ವರ್ಷ ಕಳೆದ ಮೇಲೆ. ಅಲ್ಲಿ ಅದು ಜನರಿಗೆ ಇಷ್ಟವಾಗಿ ಉಳಿಯಿತು. ನಮ್ಮಲ್ಲಿ ಮರೆತುಹೋಗಿ ಉಳಿಯುತ್ತದೆ. ಊರಿನ ಡೇರಿ ಮತ್ತೆ ಶುರುವಾಗುವ ತಾರೀಖು ಬರೆದುಕೊಂಡೇ ಕಂಟೈನರ್ ಬಾಗಿಲು ತೆರೆಯಬೇಕು.

ಬೀಗದ ಕೈ ಯಾರ ಹತ್ತಿರ ಇರಬೇಕು ಎನ್ನುವುದೂ ಸಣ್ಣ ವಿಷಯವಲ್ಲ. ಆ ಭಾಗದ ಮಹಿಳಾ ಸಂಘದ ಅಧ್ಯಕ್ಷರು ಅಥವಾ ಕಾರ್ಯದರ್ಶಿಯ ಹತ್ತಿರ ಇರಲಿ ಎಂದು ನಾನು ಹೇಳುತ್ತೇನೆ. ಹಾಲು ಹಿಂಡುವವರು, ಸಗಣಿ ಬಾಚುವವರು, ರಾತ್ರಿ ಎದ್ದು ಗಬ್ಬದ ಎಮ್ಮೆ ನೋಡುವವರು ನೀವು. ನಸುಕಿನಲ್ಲಿ ಬಾಗಿಲು ತೆರೆಯಬೇಕಾದವರೂ ನೀವೇ. ಅಲ್ಲಿ ರಾತ್ರಿಯೂ ಹೆಣ್ಣುಮಕ್ಕಳು ಇರುತ್ತಾರೆ ಎಂದ ಮೇಲೆ ಹೊರಗೆ ದೀಪ, ಪಕ್ಕದಲ್ಲಿ ಬಾಗಿಲಿರುವ ಶೌಚಾಲಯ ಮೊದಲ ಅಂದಾಜುಪಟ್ಟಿಯಲ್ಲೇ ಬರಬೇಕು. ಆಮೇಲೆ ನೋಡೋಣ ಎಂದರೆ ಅದು ಬರುವುದಿಲ್ಲ.

ಈ ವರ್ಷದ ಮಳೆಗೆ ಕಂಟೈನರ್ ಬರಲಿಕ್ಕಿಲ್ಲ. ಆದರೆ ಜಾಗ ಗುರುತಿಸುವ ಕೆಲಸಕ್ಕೆ ಹಣ ಬೇಕಿಲ್ಲ. ಮುಂದಿನ ಬಟವಾಡೆಯ ದಿನ ಹೇಗೂ ಎಲ್ಲರೂ ಡೇರಿಗೆ ಬರುತ್ತೀರಿ. ನಿಮ್ಮ ಊರಿನಿಂದ ದನ ನಡೆಸಿಕೊಂಡು ಹೋಗಬಹುದಾದ, 2019ರಲ್ಲಿ ನೀರು ಮುಟ್ಟದ ಎರಡು ಜಾಗಗಳ ಹೆಸರು, ಅಲ್ಲಿ ನೀರು ಮತ್ತು ಕರೆಂಟಿನ ಸ್ಥಿತಿ, ಸುತ್ತಲಿನ ಯಾವ ಊರುಗಳ ದನ ಅಲ್ಲಿ ಸೇರಬಹುದು, ನಿಮ್ಮ ಸಂಘದ ದಿನದ ಹಾಲು ಎಷ್ಟು, ಇಷ್ಟನ್ನು ಸಭೆಯ ಪುಸ್ತಕದಲ್ಲಿ ಬರೆಸಿ. ಸೆಪ್ಟೆಂಬರ್ ಒಳಗಿನ ವಾರ್ಷಿಕ ಮಹಾಸಭೆಯಲ್ಲಿ ಕಂಟೈನರ್ ಬೇಡಿಕೆಯನ್ನು ಠರಾವು ಮಾಡಿ ಒಕ್ಕೂಟಕ್ಕೆ ಕಳಿಸಿ. ಪ್ರತಿಯೊಂದನ್ನು ಶಿಬಿರ ಕಚೇರಿಯಲ್ಲಿ ನನಗೆ ಕೊಡಿ. ಲಸಿಕೆಗೆ ಊರಿಗೆ ಬಂದಾಗ ಆ ಜಾಗಗಳನ್ನು ನಿಮ್ಮೊಂದಿಗೆ ನಡೆದು ನೋಡುತ್ತೇನೆ.